ಮಹಡಿ ಬಸ್ಸಿನ ಮುಂದಿನ ಸೀಟು

“ಅಲ್ಲಾ, ಬಸ್ಸಿನ ತಲೆ ಮೇಲೆ ಇನ್ನೊಂದು ಬಸ್ಸನ್ನ ಹೊರಿಸಿದ ಪುಣ್ಯಾತ್ಮ ಯಾರಪ್ಪ?”

ರೈಲು ನಿಲ್ದಾಣದ ಮೆಟ್ಟಿಲ ಮೇಲೆ ನಿಂತು ಡ್ರೈವರು ಈ ಮಾತು ಕೇಳಿದ್ದು ಯಾರನ್ನೂ ಅಲ್ಲ. ಎದುರಿನ ವೃತ್ತವನ್ನು ಸುತ್ತಿಕೊಂಡು ಕೆಂಪು ಬಣ್ಣದ ಮಹಡಿ ಬಸ್ಸೊಂದು ತುಂಬಿದ ಬಸುರಿಯ ಹಾಗೆ, ಯಾವ ಗಡಿಬಿಡಿಯೂ ಇಲ್ಲದೆ, ತಿರುಗುತ್ತಿತ್ತು. ಅದು ತಿರುಗಿದಷ್ಟೂ ಅವನ ಕತ್ತು ತಿರುಗಿತು. ಕೈಯಲ್ಲಿದ್ದ ಚೀಲ ಜಾರಿ ಮೆಟ್ಟಿಲಿಗೆ ಬಿದ್ದದ್ದು ಅವನಿಗೆ ತಿಳಿಯಲೇ ಇಲ್ಲ.

ಚೀಲ ಎತ್ತಿಕೊಂಡವನು ಕಂಡಕ್ಟರು. ಅವನೂ ಡ್ರೈವರೂ ಒಂದೇ ಬಸ್ಸಿನಲ್ಲಿ ಮುಂದೊಬ್ಬ ಹಿಂದೊಬ್ಬನಾಗಿ ತಲೆ ನರೆಸಿಕೊಂಡವರು. ಡ್ರೈವರನ ಮುಖವನ್ನು ಅವನ ಹೆಂಡತಿ ಬಲ್ಲಳು; ಬೆನ್ನನ್ನು ಕಂಡಕ್ಟರನಷ್ಟು ಬಲ್ಲವರು ಯಾರೂ ಇಲ್ಲ. ಆ ಬೆನ್ನು ಈಗ ಹಿಗ್ಗಿ ನೆಟ್ಟಗಾದದ್ದನ್ನು ಕಂಡು ಅವನಿಗೂ ಒಳಗೊಳಗೇ ಖುಷಿ.

“ಉತ್ತರ ಹೇಳಬೇಕಾದೋನು ಅದೇ ಬಸ್ಸಲ್ಲಿ ಹೊರಟುಹೋದ ಕಣೋ. ನಡಿ,” ಎಂದ.

ಹಿಂದಿನಿಂದ ಮೆಕ್ಯಾನಿಕ್ಕೂ ಅವನ ಹೆಂಡತಿಯೂ ಇಳಿದು ಬಂದರು. ಮೆಕ್ಯಾನಿಕ್ಕು ಅದೇ ಡಿಪೋದವನು, ಅವಳು ಅದೇ ಡಿಪೋದ ಕ್ಯಾಂಟೀನು ನಡೆಸುವವಳು. ಡಿಪೋಗೆ ಡಿಪೋವೇ ಅವಳನ್ನು ಅತ್ತಿಗೆ ಎನ್ನುತ್ತಿತ್ತು, ಮ್ಯಾನೇಜರೂ ಸೇರಿ. ಬಸ್ಸಿನವರಿಗೆ ರಜೆ ಸಿಗುವುದೇ ಊರವರೆಲ್ಲ ತಿರುಗಾಡಿ ಮುಗಿಸಿದ ಮೇಲೆ. ಅದರಲ್ಲೂ ನಾಲ್ವರಿಗೂ ಒಟ್ಟಿಗೆ ಸಿಗುವುದೆಂದರೆ ದೇವರು ಕಣ್ಣು ಬಿಟ್ಟ ಹಾಗೆ. ಡ್ರೈವರನ ಹೆಂಡತಿ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಕಂಡಕ್ಟರನಿಗೆ ಹೆಂಡತಿ ಎಂಬುವಳೇ ಇರಲಿಲ್ಲ. ಯಾಕೆ ಎಂದು ಕೇಳಿದರೆ, “ಸೀಟ್ ಖಾಲಿ ಇತ್ತು, ಯಾರೂ ಕೈ ಅಡ್ಡ ಹಾಕ್ಲಿಲ್ಲ,” ಎಂದು ಮುಗಿಸುತ್ತಿದ್ದ.

ಡ್ರೈವರು ಈ ಊರಿಗೆ ಬಂದದ್ದು ಒಂದೇ ಒಂದು ಆಸೆಗೆ. ಅವನು ಚಡ್ಡಿ ಹಾಕುವ ವಯಸ್ಸಿನಲ್ಲಿದ್ದಾಗ ಸೋದರಮಾವನೊಬ್ಬ ಇಲ್ಲಿ ಕೆಲಸಕ್ಕಿದ್ದು ಹಿಂದಿರುಗಿ ಬಂದು ಹೇಳಿದ್ದನಂತೆ: “ಮಹಡಿ ಬಸ್ಸಿನ ಮೇಲೆ ಮುಂದಿನ ಸೀಟಲ್ಲಿ ಕೂತ್ರೆ ನಿನ್ನ ಮುಂದೆ ಯಾರೂ ಇಲ್ಲ ಕಣೋ ಅಳಿಯ. ಡ್ರೈವರೂ ಇಲ್ಲ. ಒಂದು ಗಾಜು, ಗಾಜಿನ ಆಚೆ ಕಡಲು.” ಆ ಮಾತಿನ ಬೆನ್ನು ಹತ್ತಿಯೇ ಹುಡುಗ ಬೆಳೆದು ಸ್ಟಿಯರಿಂಗ್ ಹಿಡಿದ. ಹಿಡಿದ ಮೇಲೆ ತಿಳಿಯಿತು, ಅದು ಬೇರೆ, ಇದು ಬೇರೆ. ಓಡಿಸುವವನಿಗೆ ದಾರಿ ಕಾಣುತ್ತದೆಯೇ ಹೊರತು ದಾರಿಯ ಚಂದ ಕಾಣುವುದಿಲ್ಲ. ಹೊಂಡ ಕಾಣುತ್ತದೆ, ಅಡ್ಡ ಬರುವ ಸೈಕಲ್ಲು ಕಾಣುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಕಾಣುತ್ತದೆ. ಪಕ್ಕದಲ್ಲಿ ಹೊಳೆ ಹರಿಯಲಿ, ಬೆಟ್ಟಕ್ಕೆ ಮೋಡ ಇಳಿಯಲಿ, ಅದು ಕಿಟಕಿ ಪಕ್ಕ ಕೂತವರ ಭಾಗ್ಯ. “ಒಂದೇ ಒಂದ್ಸಲ, ಕೈ ಖಾಲಿ ಇಟ್ಕೊಂಡು ದಾರಿ ನೋಡ್ಬೇಕು,” ಎಂದು ಅವನು ಕ್ಯಾಂಟೀನಿನಲ್ಲಿ ಅದೆಷ್ಟು ಸಲ ಹೇಳಿದ್ದನೋ, ಅತ್ತಿಗೆಗೆ ಬಾಯಿಪಾಠವಾಗಿತ್ತು. ಈ ಪ್ರವಾಸ ಹೊರಡಿಸಿದವಳೂ ಅವಳೇ.

ಆದರೆ ಆಸೆ ಇದ್ದರೆ ಸಾಲದಲ್ಲ, ಅದನ್ನು ಹಿಡಿದುಕೊಳ್ಳುವ ಮುಷ್ಟಿಯೂ ಬೇಕು. ಡ್ರೈವರನಿಗೆ ಅದಿಲ್ಲ. ಬಾಯಿಂದ ‘ಇಲ್ಲ’ ಎಂಬುದು ಹೊರಡದ ಜನ್ಮ ಅದು. ಯಾರೇ ಡ್ಯೂಟಿ ಬದಲಾಯಿಸಿ ಕೊಡು ಎಂದರೂ ಹೂಂ, ಊಟದ ಡಬ್ಬಿ ಹಂಚು ಎಂದರೂ ಹೂಂ. ಮೊದಲ ದಿನವೇ ಅದು ಬಯಲಾಯಿತು. ಬಂದರಿನ ನಿಲ್ದಾಣದಿಂದ ಹೊರಟು, ಸೇತುವೆ ದಾಟಿ, ಕಡಲಂಚಿನಲ್ಲೇ ದೀಪಸ್ತಂಭದವರೆಗೆ ಹೋಗಿಬರುವ ಬಸ್ಸನ್ನು ಹುಡುಕಿ ಹತ್ತಿದರು. ಮೇಲೆ, ಮುಂಭಾಗದ ಒಂದು ಬದಿಯಲ್ಲಿ ಬಸ್ಸು ಹೋಗುವ ಊರಿನ ಹೆಸರು ಬರೆದ ಬಟ್ಟೆಯನ್ನು ಸುತ್ತಿಡುವ ದೊಡ್ಡ ಪೆಟ್ಟಿಗೆ. ಇನ್ನೊಂದು ಬದಿಯಲ್ಲಿ ಒಂಟಿ ಸೀಟು. ಗಾಜಿಗೆ ಅಂಟಿಕೊಂಡ ಆ ಸೀಟು ಖಾಲಿಯೇ ಇತ್ತು. ಡ್ರೈವರು ಕೂತ. ಬಸ್ಸು ಹೊರಡುವ ಮೊದಲೇ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ನಿಂತಳು. ಏನೂ ಕೇಳಲಿಲ್ಲ, ಸುಮ್ಮನೆ ನಿಂತಳು. ಡ್ರೈವರು ಎದ್ದ.

ಎರಡನೆಯ ದಿನ ಹೊಸದಾಗಿ ಮದುವೆಯಾದ ಜೋಡಿ. ಫೋಟೊ ತೆಗೆಸಿಕೊಳ್ಳಬೇಕಂತೆ, ಒಂದೇ ನಿಮಿಷವಂತೆ. ಆ ಒಂದು ನಿಮಿಷ ದೀಪಸ್ತಂಭದವರೆಗೂ ನಡೆಯಿತು. ಹುಡುಗಿ ಹುಡುಗನ ಮಡಿಲಲ್ಲಿ ಕೂತು ಇಡೀ ಕಡಲನ್ನು ಬೆನ್ನ ಹಿಂದೆ ಹಾಕಿಕೊಂಡು ತನ್ನ ಮುಖವನ್ನೇ ತೆಗೆಯುತ್ತಿದ್ದಳು. ಡ್ರೈವರು ಕೆಳಗೆ ಇಂಜಿನ್ನಿನ ಪಕ್ಕ ನಿಂತಿದ್ದ. ತಿರುವು ಬಂದಾಗಲೆಲ್ಲ ಅವನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು.

“ಊರಿಗೆಲ್ಲ ಉಪಕಾರಿ,” ಎಂದಳು ಅತ್ತಿಗೆ, ಇಳಿದ ಮೇಲೆ. “ನಿಮ್ಮನ್ನ ಹೊತ್ತುಕೊಂಡು ಬಂದಿದ್ದು ಇಂಜಿನ್ ಮುಟ್ಟಿ ನೋಡೋಕಾ, ಮೈದುನಾ?”

“ಹೊಸ ಹುಡುಗರು ಅತ್ತಿಗೆ. ಎಷ್ಟು ಖುಷಿ ಪಟ್ರು ನೋಡಿ.”

“ಅವರು ಖುಷಿ ಪಡೋಕೆ ಇಡೀ ಆಯಸ್ಸಿದೆ. ನಮ್ಮ ರೈಲು ನಾಳೆ ರಾತ್ರಿಗೆ.”

ಸೀಟು ಸಿಗದಿದ್ದರೇನು, ಊರು ಮಾತ್ರ ಅವರಿಗೆ ಕೈತುಂಬ ಸಿಕ್ಕಿತು. ಬೆಳಗಿನ ಮೀನು ಬಂದರಿನಲ್ಲಿ ದೋಣಿಗಳಿಂದ ಬುಟ್ಟಿಗಳು ಕೈಯಿಂದ ಕೈಗೆ ಹಾರಿ ಬರುವುದನ್ನು ನೋಡಿದರು. ಒಬ್ಬ ಬಿಟ್ಟು ಇನ್ನೊಬ್ಬ ಹಿಡಿಯುವ ನಡುವಿನ ಗಳಿಗೆಯಲ್ಲಿ ಬುಟ್ಟಿ ಗಾಳಿಯಲ್ಲಿ ಕೂತ ಹಾಗೆ ಕಾಣುತ್ತಿತ್ತು. ಮೂಗು ಮುಚ್ಚಿಕೊಂಡು ಒಳಗೆ ಹೋದವರು ಮೂಗು ಬಿಟ್ಟುಕೊಂಡು ಹೊರಗೆ ಬಂದರು. ಓಣಿಗಳಲ್ಲಿ ಈ ಬಾಲ್ಕನಿಯಿಂದ ಆ ಬಾಲ್ಕನಿಗೆ ಕಟ್ಟಿದ ಹಗ್ಗದ ಮೇಲೆ ಒದ್ದೆ ಬಟ್ಟೆಗಳು ತೊಟ್ಟಿಕ್ಕುತ್ತಿದ್ದವು. ಕಬ್ಬಿಣ ಎಂಬುದೆಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿದು ಕೆಂಪಾಗಿತ್ತು. ಮೆಕ್ಯಾನಿಕ್ಕು ಒಂದೊಂದು ಗೇಟನ್ನೂ ಉಗುರಿನಿಂದ ಕೆರೆದು ನೋಡಿ, “ಪಾಪ,” ಎನ್ನುತ್ತಿದ್ದ. ಅತ್ತಿಗೆ ಸಿಕ್ಕಿದ ಹೋಟೆಲಿನ ಅಡುಗೆಮನೆಗೆಲ್ಲ ಇಣುಕಿದಳು. ಒಂದು ಕಡೆ ಆಳೆತ್ತರದ ಹಬೆಯ ಪಾತ್ರೆ ನೋಡಿ, ಅದರ ಮುಚ್ಚಳ ತೆಗೆಸಿ, ಒಳಗಿನ ತಟ್ಟೆಗಳನ್ನು ಲೆಕ್ಕ ಹಾಕಿ, ಗಂಡನ ಕಡೆಗೆ ತಿರುಗಿದಳು. ಅವನು ಆಗಲೇ ಬೀದಿಯ ಆಚೆ ಬದಿಗೆ ದಾಟಿ ಆಗಿತ್ತು.

ಕಂಡಕ್ಟರು ಮಾತು ಕಡಿಮೆಯವನು. ಬಸ್ಸಿನಲ್ಲಿ ಕೂಗಿದ್ದೇ ಸಾಕು, ಇಳಿದ ಮೇಲೆ ಕೆಲಸ ಕಿವಿಗೆ ಎನ್ನುವವನು. ಅಜ್ಜಿ ಅಂಗಳ ಗುಡಿಸುತ್ತ ಹೇಳಿಕೊಳ್ಳುತ್ತಿದ್ದ ಪದ್ಯಗಳನ್ನು ಹಾಸಿಗೆಯಲ್ಲೇ ಕೇಳಿ ಬೆಳೆದ ಕಿವಿ ಅದು. ಅರ್ಥ ತಿಳಿಯುವ ಮೊದಲೇ ಓಟ ತಿಳಿದಿತ್ತು. ಈ ಊರನ್ನೂ ಅವನು ಮೊದಲು ಹಾಗೆಯೇ ಕೇಳಿದ. ಹಾರ್ನು, ಹಡಗಿನ ಕೂಗು, ಮಾರುವವರ ಕರೆ, ಎಲ್ಲ ಒಂದರ ಮೇಲೊಂದು ಬಿದ್ದು ಗೋಜಲು. ಆದರೆ ಅದರ ಅಡಿಯಲ್ಲಿ ಕಡಲು ಒಂದೇ ಸಮನೆ, ತಾಳ ತಪ್ಪದೆ, ಬಂದು ಬಡಿದು ಹಿಂದೆ ಸರಿಯುತ್ತಿತ್ತು. ಪದ್ಯ ಹೇಳುವವರು ಸಾಲಿನ ಕೊನೆಗೆ ಒಂದಿಷ್ಟು ನಿಂತು ಉಸಿರು ತೆಗೆದುಕೊಳ್ಳುತ್ತಾರಲ್ಲ, ಹಾಗೆ. ಮೊದಲ ಸಲ ದಂಡೆಯಲ್ಲಿ ನಿಂತಾಗ ಅವನು ಚಪ್ಪಲಿ ಕಳಚಿ ಕೈ ಮುಗಿದಿದ್ದ. ಡ್ರೈವರು ಪಕ್ಕದಲ್ಲಿ ನಿಂತು, “ಇಷ್ಟು ದೊಡ್ಡದನ್ನ ಮಾಡಿಟ್ಟು, ನೋಡೋಕೆ ಎರಡೇ ಕಣ್ಣು ಕೊಟ್ಟನಲ್ಲೋ,” ಎಂದಿದ್ದ.

ಅವರು ಇಳಿದುಕೊಂಡಿದ್ದ ಲಾಡ್ಜಿನಲ್ಲಿ ಕೋಣೆಗಳ ನಡುವಿನ ಗೋಡೆ ಸೂರಿನವರೆಗೆ ಹೋಗಿರಲಿಲ್ಲ. ಆ ಕಡೆಯಿಂದ ಅತ್ತಿಗೆ ಮಾತಾಡಿದರೆ ಈ ಕಡೆ ತಲೆದಿಂಬಿನ ಪಕ್ಕವೇ ಕೂತು ಬೈದ ಹಾಗಿರುತ್ತಿತ್ತು. ಕೊನೆಯ ದಿನ ಬೆಳಗಾದದ್ದೇ ಅಂಥ ಮಾತಿನಿಂದ.

“ಎದ್ರಾ? ಕೇಳಿಸ್ಕೊಳ್ಳಿ. ನಾನೂ ನಿಮ್ಮಣ್ಣನೂ ಮೊದಲು ಹತ್ತಿ ಓಡಿಹೋಗಿ ಆ ಸೀಟಿಗೆ ಟವೆಲ್ ಹಾಕ್ತೀವಿ. ಕಂಡಕ್ಟರಪ್ಪಾ, ನೀವು ಬಾಗಿಲಲ್ಲಿ ನಿಂತು ಮೈದುನನ್ನ ಒಳಗೆ ತಳ್ಳಬೇಕು. ಅವರು ಯಾರಿಗೂ ದಾರಿ ಬಿಡಬಾರದು.”

“ಆಗ್ಲಿ ಅತ್ತಿಗೆ,” ಎಂದ ಕಂಡಕ್ಟರು.

“ನನಗ್ಯಾಕೆ ಇಷ್ಟೆಲ್ಲ,” ಎಂದ ಡ್ರೈವರು, ಆಗಲೇ ಕೂದಲು ಬಾಚಿಕೊಂಡು ಸಿದ್ಧನಾಗಿ ಮಂಚದ ತುದಿಯಲ್ಲಿ ಕೂತಿದ್ದವನು.

“ನಿನಗಲ್ಲಯ್ಯ, ನಮ್ಮ ಕಿವಿಗೆ,” ಗೋಡೆಯಾಚೆಯಿಂದ ಮೆಕ್ಯಾನಿಕ್ಕಿನ ದನಿ. “ಈ ಸಲ ಸಿಗದೆ ಹೋದ್ರೆ ಇನ್ನು ರಿಟೈರ್ ಆಗೋವರೆಗೂ ಅದೇ ಸೋದರಮಾವನ ಕಥೆ ಕೇಳ್ಬೇಕು.”

ಬಂದರಿನ ನಿಲ್ದಾಣಕ್ಕೆ ಹೋದಾಗ ಬಸ್ಸು ಆಗಲೇ ಬಂದು ನಿಂತಿತ್ತು. ಬಾಗಿಲಲ್ಲಿ ಜನ ಮುಸುರಿದ್ದರು. ಅತ್ತಿಗೆ ಸೆರಗು ಸಿಕ್ಕಿಸಿ ನುಗ್ಗಿದ ರಭಸಕ್ಕೆ ದಾರಿ ತಾನಾಗಿಯೇ ಬಿಟ್ಟಿತು. ಅವಳ ಹಿಂದೆ ಗಂಡ. ಅವಳ ಕೈಚೀಲದಲ್ಲಿ ಡ್ರೈವರನ ಫೋನು, ನೀರಿನ ಬಾಟಲಿ, ಟವೆಲ್ಲು. ಕಂಡಕ್ಟರು ಹಿಂಬಾಗಿಲ ಮೆಟ್ಟಿಲೇರಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ಡ್ರೈವರನ ಕಡೆಗೆ ಚಾಚಿದ.

ಹಾಗೆ ನಿಂತದ್ದೇ ತಪ್ಪಾಯಿತು. ಆ ಮೆಟ್ಟಿಲು, ಆ ಕಂಬಿ, ಎದುರಿಗೆ ಹತ್ತುವ ಜನ. ರಜೆ ಎಂಬುದು ಅವನ ತಲೆಗೆ ಗೊತ್ತಿತ್ತು, ಕೈಕಾಲಿಗೆ ಯಾರೂ ಹೇಳಿರಲಿಲ್ಲ.

“ಬೇಗ ಬೇಗ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ, ಮುಂದೆ ಖಾಲಿ ಇದೆ,” ಎಂದು ಬಾಯಿ ಶುರುಮಾಡಿತು. ಡ್ರೈವರು ಮೆಟ್ಟಿಲ ಹತ್ತಿರ ಬಂದ. ಬಂದವನು ಪಕ್ಕಕ್ಕೆ ಸರಿದ, ಯಾಕೆಂದರೆ ಹಿಂದೆ ಒಬ್ಬ ಅಜ್ಜಿ ಬುಟ್ಟಿ ಹೊತ್ತು ಬರುತ್ತಿದ್ದಳು. ಅವನು ಅಜ್ಜಿಯ ಬುಟ್ಟಿಗೆ ಕೈ ಕೊಟ್ಟ. ಕಂಡಕ್ಟರು ಮೇಲಿನಿಂದ ಎಳೆದುಕೊಂಡ. ಅಜ್ಜಿ ಹತ್ತಿದಳು, ಅವಳ ಕಾಲು ಮೆಟ್ಟಿಲು ಬಿಟ್ಟು ಒಳಗಾಯಿತು, ಸೆರಗಿನ ತುದಿಯೂ ಒಳಗಾಯಿತು. ಹೊರಗೆ ಉಳಿದವನು ಒಬ್ಬನೇ, ಡ್ರೈವರು. ಕಂಡಕ್ಟರನ ಲೆಕ್ಕದಲ್ಲಿ ಡ್ರೈವರು ಎಂದೂ ಹಿಂಬಾಗಿಲಿನಿಂದ ಹತ್ತುವ ಪ್ರಾಣಿಯಲ್ಲ. ಅವನು ಮುಂದೆ ಇರುವವನು, ಇದ್ದೇ ಇರುವವನು.

ಅಂಗೈ ಬಸ್ಸಿನ ತಗಡಿಗೆ ಎರಡು ಸಲ ಬಡಿಯಿತು. “ರೈಟ್, ಹೋಗ್ಲಿ,” ಎಂದಿತು ಬಾಯಿ.

ಬಸ್ಸು ಹೊರಟಿತು.

ತಾನೇನು ಮಾಡಿದೆ ಎಂದು ಕಂಡಕ್ಟರನಿಗೆ ತಿಳಿಯುವಷ್ಟರಲ್ಲಿ ಇಬ್ಬರ ನಡುವೆ ಒಂದು ಲಾರಿಯಷ್ಟು ಜಾಗ ಬಿದ್ದಿತ್ತು. ಡ್ರೈವರು ನಾಲ್ಕು ಹೆಜ್ಜೆ ಓಡಿದ. ಆಮೇಲೆ ನಿಂತ. ಹೊರಟ ಬಸ್ಸಿನ ಹಿಂದೆ ಓಡುವವರನ್ನು ಕನ್ನಡಿಯಲ್ಲಿ ಕಂಡು ಜೀವಮಾನವೆಲ್ಲ ಬೈದವನು ತಾನೇ ಹೇಗೆ ಓಡಿಯಾನು? ಕೈ ಎತ್ತಿ, ಹೋಗು ಹೋಗು ಎನ್ನುವಂತೆ ಬೀಸಿದ. ಕಂಡಕ್ಟರು ತಗಡಿಗೆ ಒಂದೇ ತಟ್ಟು ತಟ್ಟಿದ, “ಹೋಲ್ಡಾನ್,” ಎಂದು ಕೂಗಿದ. ಗೇಟು ದಾಟಿದ ಬಸ್ಸನ್ನು ಪೊಲೀಸಿನವನು ಸರಸರ ಮುಂದೆ ಕಳಿಸುತ್ತಿದ್ದ. ಬಸ್ಸು ಸೇತುವೆ ಏರಿಯೇಬಿಟ್ಟಿತು.

ಮೇಲಿನ ಮಹಡಿಯಿಂದ ಚರ್ಮದ ಚೀಲ ತೂಗಾಡಿಸಿಕೊಂಡು ಆ ಬಸ್ಸಿನ ನಿಜವಾದ ಕಂಡಕ್ಟರು ಧಡಧಡ ಇಳಿದು ಬಂದಳು. ಗಟ್ಟಿಮುಟ್ಟಾದ ಹೆಂಗಸು. ಕಿವಿಯ ಮೇಲೆ ಪೆನ್ನು.

“ಯಾರ್ರೀ ಅದು ರೈಟ್ ಕೊಟ್ಟೋರು?”

ಇಡೀ ಬಸ್ಸು, ಬುಟ್ಟಿಯ ಅಜ್ಜಿಯೂ ಸೇರಿ, ಅವನ ಕಡೆ ಬೆರಳು ತೋರಿಸಿತು.

“ತಪ್ಪಾಯ್ತಮ್ಮ. ಅಭ್ಯಾಸಬಲ. ನಾನೂ ಕಂಡಕ್ಟರೇ.”

“ಯಾವ ಬಸ್ಸಿಗೆ?”

“ನಮ್ಮೂರಿನ ಬಸ್ಸಿಗೆ.”

“ನಿಮ್ಮೂರಲ್ಲಿ ಪರರ ಬಸ್ಸಿಗೂ ರೈಟ್ ಕೊಡ್ತಾರಾ? ಅಡುಗೆಯೋಳು ನಾನು, ಒಗ್ಗರಣೆ ನಿಮ್ದಾ?”

“ನಮ್ಮ ಡ್ರೈವರು ಅಲ್ಲೇ ಉಳ್ಕೊಂಡ. ಸ್ವಲ್ಪ ನಿಲ್ಲಿಸ್ತೀರಾ?”

“ಡ್ರೈವರನ್ನೇ ಬಿಟ್ಟು ಬಸ್ ಕಳಿಸಿದ ಕಂಡಕ್ಟರನ್ನ ಇವತ್ತೇ ನೋಡಿದ್ದು,” ಎಂದಳು ಆಕೆ. ಬಸ್ಸೆಲ್ಲ ನಕ್ಕಿತು. “ಸೇತುವೆ ಮೇಲೆ ನಿಲ್ಲಿಸೋ ಹಾಗಿಲ್ಲ. ಆ ತುದೀಲಿ ಇಳೀರಿ. ಅಲ್ಲೀವರೆಗೂ ಕೈಯನ್ನ ಜೇಬಲ್ಲಿ ಇಟ್ಕೊಳ್ಳಿ.”

ಅವನು ಅತ್ತಿಗೆಗೆ ಸುದ್ದಿ ಮುಟ್ಟಿಸಲು ಮೇಲೆ ಹತ್ತಿದ. ಅಲ್ಲಿ ಟವೆಲ್ಲು ಹಾಸಿದ ಒಂಟಿ ಸೀಟು ದೇವರ ಪೀಠದ ಹಾಗೆ ಖಾಲಿ ಬಿದ್ದಿತ್ತು. ಪಕ್ಕದಲ್ಲಿ ಅತ್ತಿಗೆ ಕಾವಲು.

“ಎಲ್ಲಿ ಮೈದುನ?”

ಅವನು ಹೇಳಿದ. ಮೆಕ್ಯಾನಿಕ್ಕು ಬಾಯಿ ತೆರೆದವನು ಮುಚ್ಚಲಿಲ್ಲ. ಅತ್ತಿಗೆ ತನ್ನ ಫೋನು ತೆಗೆದು ಡ್ರೈವರನ ನಂಬರು ಒತ್ತಿದಳು. ಅವಳ ಮಡಿಲಿನ ಚೀಲವೇ ರಿಂಗಾಯಿತು.

“ಕೂತ್ಕೊಳ್ಳಿ,” ಎಂದಳು ಕೊನೆಗೆ, ಸೀಟಿನ ಕಡೆ ಗಲ್ಲ ತೋರಿಸಿ. “ಇಲ್ಲಿ ನಿಂತ್ಕೋಬಾರದಂತೆ. ನೀವೇ ಕೂತ್ಕೊಂಡು ಸಾಯಿರಿ.”

ಕಂಡಕ್ಟರು ಸೀಟಿನ ತುದಿಯಲ್ಲಿ, ಸಾಲ ಕೊಟ್ಟವನ ಮನೆಯಲ್ಲಿ ಕೂತವನ ಹಾಗೆ, ಕೂತ. ತಲೆ ತಗ್ಗಿಸಿಯೇ ಇದ್ದ. ಆದರೆ ಕಣ್ಣು ಎಷ್ಟು ಹೊತ್ತು ತಗ್ಗಿಯಾವು? ಸೇತುವೆಯ ಏರು ಮುಗಿದು ಇಳಿಜಾರು ಶುರುವಾದ ಜಾಗದಲ್ಲಿ ಗಾಜಿನ ತುಂಬ ಒಮ್ಮೆಲೇ ಬೆಳಕು ಬಂತು. ಕೆಳಗೆ ರಸ್ತೆಯಿಲ್ಲ, ಬಸ್ಸಿಲ್ಲ, ತಾನು ಕೂತದ್ದೂ ಇಲ್ಲ. ಹಡಗುಗಳು ಹಾಳೆಯ ಮೇಲೆ ಕತ್ತರಿಸಿ ಅಂಟಿಸಿದ ಹಾಗಿದ್ದವು. ಮಹಡಿ ಕಟ್ಟಡಗಳ ಸಾಲು ನೀರಿಗೆ ಕಾಲು ಇಳಿಬಿಟ್ಟು ಕೂತಿತ್ತು. ತೆಂಗಿನ ತಲೆಗಳು ಕಾಲ ಕೆಳಗೆ ತೇಲಿಹೋದವು. ಅಜ್ಜಿಯ ಪದ್ಯದಲ್ಲಿ ಆಕಾಶಮಾರ್ಗದಲ್ಲಿ ಹೋಗುವವರು ಬರುತ್ತಿದ್ದರು. ಅವರಿಗೆ ಭೂಮಿ ಹೇಗೆ ಕಂಡಿತೆಂದು ಅಜ್ಜಿ ದನಿ ಎಳೆದು ಎಳೆದು ಹೇಳುತ್ತಿದ್ದಳು. ಇದೇ ಇರಬೇಕು ಎಂದುಕೊಂಡ. ಅಂದುಕೊಂಡದ್ದಕ್ಕೇ ನಾಚಿಕೆಯಾಯಿತು. ಪರರ ಎಲೆಯ ಮೊದಲ ತುತ್ತನ್ನು ತಿಂದುಬಿಟ್ಟೆ. ರುಚಿಯಾಗಿಯೂ ಇತ್ತಲ್ಲ, ಅದು ಇನ್ನೂ ದೊಡ್ಡ ಪಾಪ.

ಸೇತುವೆಯ ತುದಿಯಲ್ಲಿ ಮೂವರೂ ಇಳಿದರು. ಸೇತುವೆ ಮೇಲೆ ಹಿಂದಿರುಗುವ ವಾಹನಗಳು ಇರುವೆ ಸಾಲಿನ ಹಾಗೆ ನಿಂತಿದ್ದವು. ಕೆಳಗೆ ಕಟ್ಟೆಗೆ ತಾಗಿ ದಾಟುದೋಣಿಯೊಂದು ಹೊರಡುವುದರಲ್ಲಿತ್ತು. “ಬನ್ನಿ,” ಎಂದು ಅತ್ತಿಗೆ ಸೀರೆ ಎತ್ತಿ ಹಾರಿಯೇಬಿಟ್ಟಳು. ನೀರು ಕಂಡರೆ ಬಕೆಟ್ಟಿನದ್ದಕ್ಕೂ ಹೆದರುತ್ತಿದ್ದ ಮೆಕ್ಯಾನಿಕ್ಕು ಹೆಂಡತಿಯ ಹಿಂದೆ ಕಣ್ಣು ಮುಚ್ಚಿ ಹಾರಿದ. ದೋಣಿ ಗಡಗಡ ಎಂದು ಅಲೆ ಏರಿ ಇಳಿಯಿತು. ಉಪ್ಪುನೀರು ಮುಖಕ್ಕೆ ಸಿಡಿಯಿತು. ಮೆಕ್ಯಾನಿಕ್ಕು ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದ. “ಇಂಜಿನ್ ಲಾರೀದು ಕಣ್ರೀ,” ಎಂದ. ಅಲ್ಲಿಂದ ಮುಂದೆ ಅವನಿಗೆ ಹೆದರಿಕೆ ಹೋಗಿ, ದೋಣಿಯವನ ಪಕ್ಕ ಹೋಗಿ ಕೂತು ಅದು ಎಷ್ಟು ಡೀಸೆಲ್ ಕುಡಿಯುತ್ತದೆ ಎಂದು ವಿಚಾರಿಸತೊಡಗಿದ. ಕಂಡಕ್ಟರನಿಗೆ ಮಾತ್ರ ದಡ ಎಂಬುದು ಹತ್ತಿರ ಬಂದಷ್ಟೂ ದೂರ.

ನಿಲ್ದಾಣದಲ್ಲಿ ಡ್ರೈವರಿರಲಿಲ್ಲ.

ಹಣ್ಣಿನ ಅಂಗಡಿ, ಚಹಾದ ಅಂಗಡಿ, ದಂಡೆಯ ಕಲ್ಲುಬೆಂಚು, ಗಡಿಯಾರದ ಗೋಪುರದ ಕೆಳಗಿನ ನೆರಳು, ಎಲ್ಲ ಹುಡುಕಿದರು. ಇಷ್ಟು ಜನರಿರುವ ಊರಿನಲ್ಲಿ ಒಬ್ಬ ಇಲ್ಲದಿರುವುದು ಇಷ್ಟು ಕಾಣುತ್ತದೆಂದು ಕಂಡಕ್ಟರನಿಗೆ ಗೊತ್ತಿರಲಿಲ್ಲ. ಬಿಸಿಲು ಇಳಿಯುತ್ತ ಬಂತು. ಲಾಡ್ಜಿಗೆ ಹೋಗಿ ಸಾಮಾನು ಕಟ್ಟಬೇಕು, ರೈಲು ಹಿಡಿಯಬೇಕು. ಸಿಕ್ಕಿದರೂ ಇನ್ನೊಂದು ಸುತ್ತಿಗೆ ಹೊತ್ತಿದೆಯೋ ಇಲ್ಲವೋ.

“ಸಿಗ್ತಾನೆ ಬಿಡೋ,” ಎಂದ ಮೆಕ್ಯಾನಿಕ್ಕು. “ಯಾರೋ ಏನೋ ಕೇಳಿರ್ತಾರೆ, ಇವನು ಹೂಂ ಅಂದಿರ್ತಾನೆ.”

“ಅವನು ಸಿಗೋದಲ್ಲ,” ಎಂದ ಕಂಡಕ್ಟರು. “ಆ ಸೀಟು. ನಾನು ಕೂತೆನಲ್ಲೋ ಅದರಲ್ಲಿ.”

ಕೊನೆಗೆ ನಿಲ್ದಾಣದ ಕಟಕಟೆಯೊಳಗೆ ಕೂತು ಬಸ್ಸುಗಳ ವೇಳೆ ನೋಡುತ್ತಿದ್ದ ಮನುಷ್ಯನನ್ನು ಕೇಳಿದರು. “ಬಸ್ ತಪ್ಪಿಸ್ಕೊಂಡು ನಿಂತ್ಕೊಂಡು ನಗ್ತಾ ಇದ್ರಲ್ಲ, ಅವರಾ? ಶೆಡ್ ಕಡೆ ಹೋದ್ರು,” ಎಂದ.

ನಿಲ್ದಾಣದ ಹಿಂದೆ ತಗಡಿನ ಶೆಡ್ಡು. ಶೆಡ್ಡಿನ ಮೂಲೆಯಲ್ಲಿ ಡ್ರೈವರುಗಳು ಕಾಲು ಚಾಚುವ ಕೋಣೆ. ಹಳೆಯ ಬಸ್ಸಿನ ಸೀಟುಗಳನ್ನೇ ಕಿತ್ತು ಗೋಡೆಗೆ ಸಾಲಾಗಿ ಇಟ್ಟಿದ್ದರು. ಮೊಳೆಗಳಿಗೆ ಖಾಕಿ ಅಂಗಿಗಳು. ನೆಲದಲ್ಲಿ ಕೇರಂ ಬೋರ್ಡು. ಅದರ ಒಂದು ಬದಿಯಲ್ಲಿ ದಪ್ಪ ಮೀಸೆಯವನೊಬ್ಬ, ಇನ್ನೊಂದು ಬದಿಯಲ್ಲಿ, ಹುಟ್ಟಿದ್ದೇ ಅಲ್ಲಿ ಎನ್ನುವ ಹಾಗೆ, ಇವರ ಡ್ರೈವರು.

“ಬಂದ್ರಾ?” ಎಂದ, ಗುರಿಯಿಂದ ಕಣ್ಣು ಕೀಳದೆ. “ನಾನು ಇಲ್ಲೇ ಇರ್ತೀನಿ ಅಂತ ಗೊತ್ತಾಗಲಿಲ್ವಾ ನಿಮಗೆ? ಇನ್ನೆಲ್ಲಿರ್ತೀನಿ?”

ಹೌದಲ್ಲ, ಎನಿಸಿತು ಕಂಡಕ್ಟರನಿಗೆ. ಅಟ್ಟ ಮೇಲೆ ಒಲೆ ಉರಿದ ಹಾಗೆ.

“ಇವರೇ ನೋಡು ನನ್ನ ಬಿಟ್ಟುಹೋದ ಬಸ್ಸಿನೋರು,” ಎಂದು ಡ್ರೈವರು ಮೀಸೆಯವನನ್ನು ತೋರಿಸಿದ. “ಸುತ್ತಿನ ಮೇಲೆ ಸುತ್ತು ಮುಗಿಸಿ ಈಗ ಬಂದ್ರು.”

“ಡಬಲ್ ಬಡಿತ ಬಿತ್ತು, ಗಾಡಿ ಎತ್ತಿದೆ,” ಎಂದ ಮೀಸೆಯವನು. “ಬಡಿದೋರು ಯಾರು ಅಂತ ನೋಡೋದು ನನ್ನ ಕೆಲಸ ಅಲ್ಲ.”

“ನಾನಾಗಿದ್ರೂ ಎತ್ತುತಿದ್ದೆ. ನಮ್ಮೋನ ಬಡಿತ ಹಂಗಿರುತ್ತೆ. ಕೇಳಿದ್ರೆ ಸತ್ತ ಬಸ್ಸೂ ಹೊರಡುತ್ತೆ.”

ಅತ್ತಿಗೆ ಸೊಂಟಕ್ಕೆ ಕೈ ಕೊಟ್ಟಳು. “ಇಲ್ಲಿ ನೀವು ಆಟ ಆಡ್ತಾ ಕೂತಿದ್ದೀರಿ, ಅಲ್ಲಿ ಈ ಮನುಷ್ಯ ಊರೆಲ್ಲ ಅಳ್ತಾ ತಿರುಗಿದ್ದಾನೆ.”

“ಅತ್ತಿಲ್ಲ ಅತ್ತಿಗೆ. ಅದು ಉಪ್ಪುನೀರು,” ಎಂದ ಕಂಡಕ್ಟರು.

ಡ್ರೈವರು ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿದ. ಬೆನ್ನನ್ನೇ ನೋಡಿ ಗೊತ್ತಿದ್ದವನಿಗೆ ಆ ಮುಖ ಅಷ್ಟು ಹತ್ತಿರ ಬಂದದ್ದೇ ಹೊಸದು. “ಹೇಗಿತ್ತೋ?” ಎಂದು ಕೇಳಿದ ಮೆಲ್ಲಗೆ. “ಕೂತೆಯಂತಲ್ಲ. ಮೀಸೆಯಣ್ಣ ಹೇಳಿದ್ರು, ಕಂಡಕ್ಟರಮ್ಮ ಇವರಿಗೆ ಹೇಳಿದ್ಲಂತೆ.”

ಕಂಡಕ್ಟರನಿಗೆ ಸುಳ್ಳು ಹೇಳಲಾಗಲಿಲ್ಲ. “ಮಾವ ಹೇಳಿದ್ದು ಕಡಿಮೆ ಕಣೋ,” ಎಂದ.

ಡ್ರೈವರನ ಕಣ್ಣು ಹೊಳೆದ ಹೊಳಪಿಗೆ ಮೀಸೆಯವನು ಕೇರಂ ಬಿಲ್ಲೆ ಬಿಟ್ಟು ಎದ್ದ. “ನನ್ನ ಗಾಡಿ ಈಗ ಶೆಡ್ಡಿಂದಲೇ ಹೊರಡುತ್ತೆ. ನಿಲ್ದಾಣಕ್ಕೆ ಹೋಗೋ ಮೊದಲೇ ಇಲ್ಲೇ ಹತ್ತಿ ಕೂತ್ಬಿಡಿ. ಹೋಗಿ ಬರೋದ್ರೊಳಗೆ ನಿಮ್ಮ ರೈಲೇನೂ ತಪ್ಪಲ್ಲ. ನನ್ನ ಜೊತೆ ಮುಂದೆ ಕೂರ್ತೀರಾ, ಸ್ಟಿಯರಿಂಗ್ ಪಕ್ಕ?”

ಡ್ರೈವರು ಹೆಬ್ಬೆರಳಿನಿಂದ ಮೇಲಕ್ಕೆ ತೋರಿಸಿದ.

ಖಾಲಿ ಬಸ್ಸಿನ ಮೆಟ್ಟಿಲನ್ನು ಅವನು ಹತ್ತಿದ್ದು ಗುಡಿಯ ಮೆಟ್ಟಿಲು ಹತ್ತಿದ ಹಾಗೆ, ಒಂದೊಂದೇ. ಒಂಟಿ ಸೀಟನ್ನು ಕರವಸ್ತ್ರದಿಂದ ಒರೆಸಿದ. ಕೂತ. ಕೂತ ಮೇಲೆ ಕೈಗಳಿಗೆ ಎಲ್ಲಿರಬೇಕೆಂದು ತಿಳಿಯಲಿಲ್ಲ. ಎರಡೂ ಎದೆಯ ಮಟ್ಟಕ್ಕೆ ಎದ್ದು, ಗಾಳಿಯಲ್ಲಿ ಒಂದು ಚಕ್ರ ಹಿಡಿದು ನಿಂತವು. ಹಿಂದಿನ ಸಾಲಿನಲ್ಲಿ ಮೆಕ್ಯಾನಿಕ್ಕೂ ಅತ್ತಿಗೆಯೂ ಒಂದು ಕಡೆ, ಕಂಡಕ್ಟರು ಇನ್ನೊಂದು ಕಡೆ. ಯಾರೂ ನಗಲಿಲ್ಲ. ಬಸ್ಸು ಶೆಡ್ಡಿನಿಂದ ಹೊರಬಿದ್ದು ಬಿಸಿಲಿಗೆ ಬಂದಾಗ ಆ ಕೈಗಳು ಮೆಲ್ಲಗೆ ಇಳಿದು, ತೊಡೆಯ ಮೇಲೆ ಅಂಗಾತ ಬಿದ್ದುಕೊಂಡವು.

ನಿಲ್ದಾಣದಲ್ಲಿ ಜನ ನುಗ್ಗಿದರು. ನೋಡನೋಡುತ್ತ ಮೇಲಿನ ಮಹಡಿ ತುಂಬಿತು. ಕೊನೆಯಲ್ಲಿ ಕೋಲೂರಿಕೊಂಡು ಒಬ್ಬ ಯಜಮಾನರು ಏದುಸಿರು ಬಿಡುತ್ತ ಮೇಲೆ ಬಂದು, ಖಾಲಿ ಸೀಟಿಗಾಗಿ ಸುತ್ತ ನೋಡಿದರು. ಡ್ರೈವರು ತಿರುಗಿಯೂ ನೋಡಿರಲಿಲ್ಲ, ಕೋಲಿನ ಸದ್ದು ಕೇಳಿದ್ದಷ್ಟೆ. ಆದರೂ ಆ ಬೆನ್ನು ಅಲುಗಿತು, ಭುಜ ಮೇಲೆದ್ದಿತು. ಆ ಭುಜದ ಭಾಷೆ ಲೋಕದಲ್ಲಿ ಒಬ್ಬನಿಗೇ ಗೊತ್ತು. ಕಂಡಕ್ಟರು ತಟಕ್ಕನೆ ಎದ್ದು, ಒಂದು ಕೈಯಿಂದ ಆ ಭುಜವನ್ನು ಕೆಳಗೆ ಒತ್ತಿ, ಇನ್ನೊಂದು ಕೈಯಿಂದ ತನ್ನ ಸೀಟನ್ನು ತೋರಿಸಿದ. “ಬನ್ನಿ ಯಜಮಾನ್ರೇ, ಇಲ್ಲಿ ಕೂತ್ಕೊಳ್ಳಿ.”

ಯಜಮಾನರು ಕೂತರು. ಕಂಡಕ್ಟರು ನಿಂತ.

“ಮೇಲೆ ನಿಂತ್ಕೋಬಾರ್ದು,” ಎಂದಿತು ಬೆನ್ನ ಹಿಂದಿನಿಂದ ಒಂದು ದನಿ. ಕಿವಿಯ ಮೇಲೆ ಪೆನ್ನು. “ಓಹೋ, ನೀವಾ? ಕೈ ಎಲ್ಲಿದೆ?”

“ಜೇಬಲ್ಲಿ.”

“ಅಲ್ಲೇ ಇರ್ಲಿ. ಕೆಳಗೆ ಜಾಗ ಇದೆ, ಇಳೀರಿ. ನೀವು ಇಳಿಯೋವರೆಗೂ ನಾನು ರೈಟ್ ಕೊಡಲ್ಲ.”

ಅತ್ತಿಗೆ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಮೆಕ್ಯಾನಿಕ್ಕಿಗೆ ಹೊಟ್ಟೆ ಹಿಡಿದುಕೊಂಡು ಕೆಮ್ಮು ಬಂತು. ಕಂಡಕ್ಟರು ಗಾಜಿನ ಕಡೆ ನೋಡಿದ. ಸಂಜೆಯ ಬಿಸಿಲಿಗೆ ಸೇತುವೆಯ ಬೆನ್ನು ಬಂಗಾರವಾಗಿತ್ತು, ಅದರಾಚೆ ನೀರು ಬೆಳಗ್ಗೆ ಕಂಡದ್ದಕ್ಕಿಂತ ಬೇರೆಯೇ ಬಣ್ಣಕ್ಕೆ ತಿರುಗುತ್ತಿತ್ತು. ಈಗ ಇಳಿದರೆ ಅದು ಹೋಯಿತು. ಆ ಸೀಟು ಒಬ್ಬನಿಗೆ ಸ್ವಲ್ಪ ಅಗಲವೇ. ಒತ್ತಿ ಕೂತರೆ ಒಂದೂವರೆ ಮೈ ಹಿಡಿಸೀತು. ಜೀವಮಾನವೆಲ್ಲ ಎಷ್ಟೋ ಸಾವಿರ ಮಂದಿಗೆ ಹೇಳಿದ ಮಾತು, ಹೇಳಿದಾಗಲೆಲ್ಲ ಮಂದಿ ಕೇಳಿದ ಮಾತು, ಈಗ ತನಗಾಗಿಯೇ ಬಾಯಿಗೆ ಬಂತು. ಅವನು ಬಗ್ಗಿ, ಡ್ರೈವರನ ಕಿವಿಯ ಹತ್ತಿರ, ಆದಷ್ಟು ನಯವಾಗಿ ಹೇಳಿದ:

“ಲೋ, ಸ್ವಲ್ಪ ಜರುಗೋ.”

ಡ್ರೈವರು ಎರಡು ಕಾಲನ್ನೂ ಅಗಲಿಸಿ ಇಡೀ ಸೀಟು ತುಂಬ ಕೂತ. ಗಾಜಿನಿಂದ ಕಣ್ಣು ಕೀಳಲಿಲ್ಲ.

“ಇಲ್ಲ,” ಎಂದ. “ಜರುಗಲ್ಲ.”